ದೋಷಸೂಚನೆಯ ಹಾಸ್ಯ: ಅಣಕುಗಣಕಗಳ ಇತಿಹಾಸವನ್ನು ಕುರಿತು

ಗಣಕಯಂತ್ರವು ಕೆಲಸ ಕೆಟ್ಟು ನಿಂತಾಗ ತೆರೆಯ ಮೇಲೆ ಮೂಡುವ ಸಣ್ಣದೊಂದು ಚೌಕಟ್ಟನ್ನೂ, ಅದರೊಳಗಣ ಎರಡು ಸಾಲಿನ ಒಕ್ಕಣೆಯನ್ನೂ, ಒತ್ತಿದರೂ ಒತ್ತದಿದ್ದರೂ ಫಲವೊಂದೇ ಆದ ಅದರ ‘ಓಕೆ’ ಗುಂಡಿಯನ್ನೂ ರಸವಿಚಾರಕ್ಕೆ ಯೋಗ್ಯವಾದ ವಸ್ತುವೆಂದು ಬಗೆದವರು ನಮ್ಮಲ್ಲಿ ವಿರಳ. ಆದರೂ ಯಾವ ಸಂಸ್ಥೆಯ ಪ್ರೇರಣೆಯೂ ಯಾವ ಸಂಭಾವನೆಯ ಆಸೆಯೂ ಇಲ್ಲದೆ, ತಾವು ಎಳೆತನದಲ್ಲಿ ಬಳಸಿದ ಯಂತ್ರಗಳ ಮೇಲಣ ಮಮತೆಯೊಂದರಿಂದಲೇ, ಜಗತ್ತಿನ ನಾನಾ ಭಾಗಗಳ ತರುಣರು ಕಳೆದ ಎರಡು ದಶಕಗಳಲ್ಲಿ ಕಟ್ಟಿ ನಿಲ್ಲಿಸಿದ ಒಂದು ಕಲಾಪ್ರಕಾರವು ಈ ಚೌಕಟ್ಟನ್ನೇ ತನ್ನ ನಾಯಕನನ್ನಾಗಿ ವರಿಸಿದೆ. ಹಸಿರು ಗುಡ್ಡ ನೀಲಿ ಆಕಾಶಗಳ ಚಿರಪರಿಚಿತ ಹಿನ್ನೆಲೆಯುಳ್ಳ ವಿಂಡೋಸ್ ಎಕ್ಸ್‌ಪಿಯಂತೆಯೇ ತೋರುವ, ಆದರೆ ನಿಜವಾಗಿ ಯಾವ ಕೆಲಸವನ್ನೂ ಮಾಡಲರಿಯದ ಒಂದು ಕೃತಕ ಯಂತ್ರ. ಅದರಲ್ಲಿ ಏನನ್ನು ಮುಟ್ಟಿದರೂ ಒಂದು ಎರರ್. ಆ ಎರರನ್ನು ಮುಚ್ಚಿದರೆ ಎರಡು. ಎರಡನ್ನು ಮುಚ್ಚುವಷ್ಟರಲ್ಲಿ ಇಪ್ಪತ್ತು. ಒಂದೊಂದೂ ತನ್ನ ಎಚ್ಚರಿಕೆಯ ನಾದವನ್ನು ಮೊಳಗಿಸುತ್ತ ತೆರೆಯನ್ನೆಲ್ಲ ಆವರಿಸಿ, ಕಡೆಗೆ ಎಲ್ಲವೂ ನೀಲಿ ಪರದೆಯಲ್ಲಿ ಲಯವಾಗಿ, ಮತ್ತೆ ಆರಂಭದ ಮಂಗಳನಾದದೊಡನೆ ಯಂತ್ರವು ಏನೂ ಆಗಿಲ್ಲವೆಂಬಂತೆ ಕಣ್ಣು ತೆರೆಯುವುದು, ಇದೇ ಆ ಪ್ರಕಾರದ ಸ್ಥೂಲ ಸ್ವರೂಪ. ಇಂಥ ರಚನೆಗಳನ್ನು ಪ್ರಸ್ತುತ ಲೇಖನದಲ್ಲಿ ‘ಅಣಕುಗಣಕ’ಗಳೆಂದು ಕರೆದಿದೆ.

ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹಾಸ್ಯರಸದ ವಿಭಾವಗಳನ್ನು ಎಣಿಸುವಾಗ ವಿಕೃತವೇಷ, ಧಾರ್ಷ್ಟ್ಯ, ಅಸತ್ಪ್ರಲಾಪ ಮೊದಲಾದವುಗಳ ಸಾಲಿನಲ್ಲಿ ದೋಷೋದಾಹರಣವನ್ನೂ ಸೇರಿಸಿದ್ದಾನೆ. ದೋಷವನ್ನು ಎತ್ತಿ ತೋರುವುದು ನಗೆಗೆ ಕಾರಣವೆಂಬುದು ಹೀಗೆ ಹಳೆಯ ಮಾತು. ಆದರೆ ದೋಷಿಯು ತಾನೇ ಮುಂದೆ ಬಂದು, ಅಧಿಕಾರಿಯ ಗಾಂಭೀರ್ಯದಿಂದ, ಸಂಖ್ಯೆಯ ಸಮೇತ, ತನ್ನ ದೋಷವನ್ನು ಪ್ರಕಟಿಸುವ ಸನ್ನಿವೇಶವು ಪ್ರಾಚೀನರ ಅನುಭವದಲ್ಲಿ ಅಪರೂಪವಾಗಿದ್ದಿರಬೇಕು. ನನ್ನ ಪ್ರತಿಪಾದನೆ ಇಷ್ಟು: ಯಂತ್ರವು ಸೋತುದು ನಗೆಯ ಮೂಲವಲ್ಲ, ಸೋತ ಮೇಲೂ ಅದರ ಮಾತಿನ ಠೀವಿ ಕುಗ್ಗದಿದ್ದುದು ಮೊದಲ ನಗೆಯ ಮೂಲವಾಯಿತು, ಆ ಮಾತು ಕ್ರಮೇಣ ಅರ್ಥವನ್ನು ಕಳೆದುಕೊಂಡು ಕೇವಲ ಆಕಾರವೂ ನಾದವೂ ಆಗಿ ಉಳಿದಾಗ ಅಣಕುಗಣಕದ ಕಲೆ ಹುಟ್ಟಿತು. ಈ ಎರಡನೆಯ ಘಟ್ಟವನ್ನು, ಇಂಗ್ಲಿಷನ್ನು ಮನೆಮಾತಾಗಿ ಉಳ್ಳವರಿಗಿಂತ ಮೊದಲೇ, ಇಂಗ್ಲಿಷನ್ನು ಓದಿ ಅರ್ಥಮಾಡಿಕೊಳ್ಳಲು ಒಂದು ಕ್ಷಣ ತಡೆಯುತ್ತಿದ್ದ ಕನ್ನಡದ ಹುಡುಗರಂಥವರು ತಮ್ಮ ಕಣ್ಣಿನಲ್ಲಿ ಮುಟ್ಟಿದ್ದರೆಂಬುದು ನನ್ನ ನಂಬಿಕೆ.

ದೋಷಸೂಚನೆಯ ಹಾಸ್ಯವು ಮೊದಲು ನಿರ್ಮಾಪಕರ ಹಾಸ್ಯವಾಗಿದ್ದಿತು. ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ತಾಂಪ್ಸನ್ ರಚಿಸಿದ ‘ಎಡ್’ ಎಂಬ ಲೇಖನಸಾಧನವು, ಬಳಸುವವನು ಯಾವ ತಪ್ಪು ಮಾಡಿದರೂ, ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಮಾತ್ರ ತೋರಿ ಸುಮ್ಮನಾಗುತ್ತಿತ್ತು. ತಪ್ಪೇನೆಂಬುದು ಬಲ್ಲವನಿಗೆ ತಾನಾಗಿಯೇ ತಿಳಿಯಬೇಕೆಂಬುದು ಅದರ ಇಂಗಿತ. ಯೂನಿಕ್ಸ್ ವ್ಯವಸ್ಥೆಯಲ್ಲಿ ಟೆಲಿಟೈಪ್ ಯಂತ್ರಗಳ ಕಾಲದಲ್ಲಿ ಹುಟ್ಟಿದ ‘ಇದು ಬೆರಳಚ್ಚು ಯಂತ್ರವಲ್ಲ’ ಎಂಬರ್ಥದ ಸೂಚನೆಯು, ಆ ಯಂತ್ರಗಳು ಕಣ್ಮರೆಯಾದ ಮೇಲೂ, ಬೆರಳಚ್ಚಿಗೂ ತನಗೂ ಯಾವ ಸಂಬಂಧವೂ ಇಲ್ಲದ ಕಾರ್ಯಗಳ ಮಧ್ಯೆ ತಲೆಯೆತ್ತಿ ಬಳಕೆದಾರನನ್ನು ಬೆರಗುಗೊಳಿಸುತ್ತಿತ್ತು. ಲಿನಕ್ಸಿಗೂ ಬಂದು ಸೇರಿದ ‘ಮುದ್ರಣಯಂತ್ರಕ್ಕೆ ಬೆಂಕಿ ಬಿದ್ದಿದೆ’ ಎಂಬ ಪ್ರಸಿದ್ಧ ಸೂಚನೆಯ ಹಿಂದೆ, ಯಂತ್ರದ ಸ್ಥಿತಿಯನ್ನು ತಿಳಿಸುವ ಸಂಕೇತಗಳು ಒಂದಕ್ಕೊಂದು ತಾಳೆಯಾಗದಂಥ ಸಂದರ್ಭವೊಂದಿದ್ದು, ಅದಕ್ಕೆ ಹೆಸರಿಡಲು ಸರಿಯಾದ ಕಾರಣ ಕಾಣದ ತಂತ್ರಜ್ಞನು ಅತ್ಯಂತ ಭೀಕರವಾದ ಊಹೆಯನ್ನೇ ಬರೆದುಬಿಟ್ಟನು. 1985ರಲ್ಲಿ ಬಂದ ಅಮಿಗ ಯಂತ್ರವು ಕೆಟ್ಟಾಗ ಕಪ್ಪು ತೆರೆಯ ಮೇಲೆ ಕೆಂಪು ಚೌಕದೊಳಗೆ ಮಿನುಗುತ್ತಿದ್ದ ‘ಗುರು ಮೆಡಿಟೇಶನ್’ ಎಂಬ ಬರಹವೂ ಈ ವರ್ಗಕ್ಕೇ ಸೇರಿದುದು. ಆ ಸಂಸ್ಥೆಯ ತಂತ್ರಜ್ಞರು ತಾವೇ ಮಾರುತ್ತಿದ್ದ ‘ಜಾಯ್‌ಬೋರ್ಡ್’ ಎಂಬ ಆಟದ ಹಲಗೆಯ ಮೇಲೆ ಅಲುಗದೆ ಕುಳಿತು ಕಾರ್ಯಭಾರದ ಉದ್ವೇಗವನ್ನು ಶಮನಗೊಳಿಸಿಕೊಳ್ಳುತ್ತಿದ್ದುದರಿಂದ ಆ ಹೆಸರು ಹುಟ್ಟಿತೆಂದು ಪ್ರತೀತಿ. ಇವೆಲ್ಲವೂ ಒಂದು ಮನೆಯೊಳಗಿನವರು ತಮ್ಮತಮ್ಮಲ್ಲಿ ನಕ್ಕ ನಗೆಗಳು. ಹೊರಗಿನವನಿಗೆ ಅವು ದಿಗ್ಭ್ರಮೆಯನ್ನಷ್ಟೇ ಕೊಡಬಲ್ಲವಾಗಿದ್ದುವು.

1981ರಲ್ಲಿ ಐಬಿಎಂ ಸಂಸ್ಥೆಯ ವೈಯಕ್ತಿಕ ಗಣಕದೊಡನೆ ಡಾಸ್ ವ್ಯವಸ್ಥೆಯು ಮನೆಗಳಿಗೂ ಕಚೇರಿಗಳಿಗೂ ಕಾಲಿಟ್ಟ ಮೇಲೆ ಪರಿಸ್ಥಿತಿ ಬದಲಾಯಿತು. ಫ್ಲಾಪಿಯನ್ನು ಹಾಕಲು ಮರೆತವನಿಗೆ ‘ಅಬಾರ್ಟ್, ರಿಟ್ರೈ, ಇಗ್ನೋರ್’ ಎಂಬ ಮೂರು ಮಾರ್ಗಗಳು ಎದುರಾಗುತ್ತಿದ್ದುವು. ಮುಂದೆ ‘ಫೇಲ್’ ಎಂಬುದೂ ಸೇರಿತು. ನಿಲ್ಲಿಸುವುದಕ್ಕೂ ವಿಫಲವಾಗುವುದಕ್ಕೂ ಇರುವ ಭೇದವನ್ನು ಆ ಕ್ಷಣದಲ್ಲಿ ವಿವೇಚಿಸಲು ಬಳಕೆದಾರನಿಗೆ ಯಾವ ಆಧಾರವೂ ಇರಲಿಲ್ಲ. ಕೀಲಿಮಣೆ ಜೋಡಿಸದ ಯಂತ್ರಗಳು ‘ಕೀಬೋರ್ಡ್ ಎರರ್’ ಎಂದು ಸಾರಿ, ಮುಂದುವರಿಯಲು ‘ಎಫ್ 1’ ಕೀಲಿಯನ್ನು ಒತ್ತಬೇಕೆಂದು ಅಪ್ಪಣೆ ಕೊಡುತ್ತಿದ್ದುದು ಸರ್ವವಿದಿತ. ಇದರಲ್ಲಿ ತಂತ್ರಜ್ಞನ ಮೂಢತನವಿಲ್ಲ. ಯಂತ್ರವು ಎಚ್ಚರಗೊಳ್ಳುವಾಗ ನಡೆಸುವ ಪರೀಕ್ಷೆಗಳಲ್ಲಿ ಯಾವುದು ಸೋತರೂ ಅದರ ಹೆಸರನ್ನು ಹೇಳಿ, ಕೆಳಗೆ ಸರ್ವಸಾಮಾನ್ಯವಾದ ಒಂದೇ ಸಾಲನ್ನು ತೋರಿಸುವ ಏರ್ಪಾಡು ಅಲ್ಲಿತ್ತು; ಎರಡೂ ಸಾಲುಗಳು ಪ್ರತ್ಯೇಕವಾಗಿ ಸರಿಯಾಗಿದ್ದು, ಒಂದರ ಪಕ್ಕದಲ್ಲಿ ಇನ್ನೊಂದು ಬಂದಾಗ ಮಾತ್ರ ಅಸಂಬದ್ಧವಾಗುತ್ತಿದ್ದುವು. ವಿಂಡೋಸಿನಲ್ಲಿ ಕಾಣಬರುವ ‘ಎರರ್: ಕಾರ್ಯವು ಯಶಸ್ವಿಯಾಗಿ ಮುಗಿಯಿತು’ ಎಂಬ ಸೂಚನೆಯ ಹುಟ್ಟೂ ಇಂಥದೇ. ದೋಷಗಳ ಕೋಷ್ಟಕದಲ್ಲಿ ಸೊನ್ನೆಯ ಸಂಖ್ಯೆಗೆ ‘ಯಶಸ್ಸು’ ಎಂಬ ಒಕ್ಕಣೆಯಿದ್ದು, ಯಾವುದೋ ಕಾರ್ಯಕ್ರಮವು ತನ್ನಲ್ಲಿ ದೋಷವುಂಟಾಯಿತೆಂದು ತಿಳಿದು ಕೋಷ್ಟಕವನ್ನು ಕೇಳುವಷ್ಟರಲ್ಲಿ ಅಲ್ಲಿ ಸೊನ್ನೆಯೇ ಉಳಿದಿದ್ದರೆ, ವಿನೀತವಾದ ಆ ಕೋಷ್ಟಕವು ಕೇಳಿದುದಕ್ಕೆ ಉತ್ತರವನ್ನು ಕೊಟ್ಟುಬಿಡುತ್ತದೆ. ಹಾಸ್ಯದ ಬೀಜವಿರುವುದು ಈ ಜೋಡಣೆಯ ಕ್ಷಣದಲ್ಲಿ. ಬರೆದವನಿಗೆ ನಗಿಸುವ ಉದ್ದೇಶವಿಲ್ಲದೆ, ನಗಿಸಿದ ವಾಕ್ಯಕ್ಕೆ ಕರ್ತೃವೇ ಇಲ್ಲದೆ ಹುಟ್ಟುವ ಹಾಸ್ಯವಿದು.

1984ರ ಜನವರಿಯಲ್ಲಿ ಬಂದ ಮ್ಯಾಕಿಂಟಾಷ್ ಯಂತ್ರಕ್ಕಾಗಿ ಸೂಸನ್ ಕೇರ್ ಎಂಬ ಚಿತ್ರಕರ್ತ್ರಿಯು ಬರೆದ, ಬತ್ತಿಗೆ ಬೆಂಕಿ ಹತ್ತಿದ ಗುಂಡು ಬಾಂಬಿನ ಚಿತ್ರವೂ ಅಳುಮೋರೆಯ ಪುಟ್ಟ ಗಣಕದ ಚಿತ್ರವೂ ಈ ಇತಿಹಾಸದಲ್ಲಿ ವಿಶೇಷ ಸ್ಥಾನಕ್ಕೆ ಅರ್ಹವಾದುವು. ಮಾತಿಲ್ಲದೆ ಚಿತ್ರದಿಂದಲೇ ದೋಷವನ್ನು ಸೂಚಿಸುವ ಮಾರ್ಗವನ್ನು ಅವು ತೆರೆದುವು. ಮೈಕ್ರೋಸಾಫ್ಟ್ ಸಂಸ್ಥೆಯ ನೀಲಿ ಪರದೆಯ ವಂಶಾವಳಿ ಜನರು ಭಾವಿಸಿರುವಷ್ಟು ಸರಳವಲ್ಲ. ವಿಂಡೋಸ್ 3.1ರಲ್ಲಿ ಕಂಟ್ರೋಲ್, ಆಲ್ಟ್, ಡಿಲೀಟ್ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಬರುತ್ತಿದ್ದ ನೀಲಿ ಪರದೆಯ ಒಕ್ಕಣೆಯನ್ನು, ಮುಂದೆ ಆ ಸಂಸ್ಥೆಯ ಮುಖ್ಯಸ್ಥನಾದ ಸ್ಟೀವ್ ಬಾಲ್ಮರ್ ತಾನೇ ಬರೆದನು. 1993ರ ವಿಂಡೋಸ್ ಎನ್‌ಟಿಯ ನೀಲಿ ಪರದೆಯನ್ನು ಜಾನ್ ವರ್ಟ್ ಎಂಬವನು ಬೇರೆಯಾಗಿ ರಚಿಸಿದನು. ವಿಂಡೋಸ್ 95ರ ನೀಲಿ ಪರದೆಗೆ ಕಡೆಯ ರೂಪವನ್ನು ಕೊಟ್ಟವನು ರೇಮಂಡ್ ಚೆನ್. ಮೂರು ಪ್ರತ್ಯೇಕ ಪರದೆಗಳು ಜನಸ್ಮೃತಿಯಲ್ಲಿ ಒಂದೇ ಆಗಿಹೋಗಿವೆ. 1998ರ ಏಪ್ರಿಲ್ 20ರಂದು ಷಿಕಾಗೊ ನಗರದ ಕಾಮ್‌ಡೆಕ್ಸ್ ಪ್ರದರ್ಶನದಲ್ಲಿ, ಬಿಲ್ ಗೇಟ್ಸನ ಸಮಕ್ಷಮದಲ್ಲಿಯೇ, ಅವನ ಸಹಾಯಕನು ಸ್ಕ್ಯಾನರ್ ಯಂತ್ರವೊಂದನ್ನು ವಿಂಡೋಸ್ 98ಕ್ಕೆ ಜೋಡಿಸಿ ತೋರಿಸುವಾಗ ತುಂಬಿದ ಸಭೆಯೆದುರು ನೀಲಿ ಪರದೆ ಮೂಡಿತು. ಸಭಿಕರು ಚಪ್ಪಾಳೆ ತಟ್ಟಿ ನಕ್ಕರು. ಇನ್ನೂ ಮಾರಾಟಕ್ಕೆ ಬಿಡದಿರುವುದಕ್ಕೆ ಇದೇ ಕಾರಣವಿರಬೇಕೆಂದು ಗೇಟ್ಸನೂ ನಗೆಯಲ್ಲಿ ಪಾಲುಗೊಂಡನು. ಅಂದಿನಿಂದ ದೋಷಸೂಚನೆಯು ನಿರ್ಮಾಪಕರ ಒಳಮನೆಯನ್ನು ಬಿಟ್ಟು ಸಾರ್ವಜನಿಕರ ಸೊತ್ತಾಯಿತೆನ್ನಬಹುದು.

ಈ ಸೂಚನೆಗಳು ಕನ್ನಡದ ಹುಡುಗರಿಗೆ ಹೇಗೆ ಕಂಡುವೆಂಬುದನ್ನು ನೋಡಲು ದಾವಣಗೆರೆಯನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ದಾವಣಗೆರೆಯು ಚಿತ್ರದುರ್ಗದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಹತ್ತಿಗಿರಣಿಗಳ ನಗರವೆಂದು ಹೆಸರಾದ ಈ ಊರು ಆ ವೇಳೆಗಾಗಲೆ ವಿದ್ಯಾಲಯಗಳ ನಗರವಾಗಿ ಪರಿವರ್ತನೆಗೊಳ್ಳುತ್ತಿದ್ದಿತು. 1951ರಷ್ಟು ಹಿಂದೆಯೇ ಬಿ.ಡಿ.ಟಿ. ತಾಂತ್ರಿಕ ಮಹಾವಿದ್ಯಾಲಯವನ್ನು ಪಡೆದಿದ್ದ ನಗರಕ್ಕೆ 1979ರಲ್ಲಿ ಶಾಮನೂರು ರಸ್ತೆಯಲ್ಲಿ ಬಾಪೂಜಿ ತಾಂತ್ರಿಕ ಮಹಾವಿದ್ಯಾಲಯವು ಬಂದಿತು. ಒಂದು ಕಾಲಕ್ಕೆ ನಗರದ ಹೊರಗಣ ಗ್ರಾಮವಾಗಿದ್ದ ಶಾಮನೂರು, ಈ ರಸ್ತೆಯ ಇಕ್ಕೆಲಗಳಲ್ಲಿ ಬೆಳೆದ ಬಡಾವಣೆಗಳ ಮೂಲಕ ನಗರದೊಳಕ್ಕೆ ಸೇರಿಹೋಯಿತು. ಸುತ್ತಣ ಭದ್ರಾ ನಾಲೆಯ ಊರುಗಳಿಂದ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ ಬಂದ ವಿದ್ಯಾರ್ಥಿಗೆ ಗಣಕದ ಪ್ರಥಮ ಪರಿಚಯವಾಗುತ್ತಿದ್ದುದು ಇಂಥ ವಿದ್ಯಾಲಯಗಳ ಪ್ರಯೋಗಶಾಲೆಗಳಲ್ಲಿ, ಇಲ್ಲವೆ ಅವುಗಳ ಆಸುಪಾಸಿನ ಸೈಬರ್ ಕೆಫೆಗಳಲ್ಲಿ. ಕರ್ನಾಟಕದ ತಾಂತ್ರಿಕ ವಿದ್ಯಾಲಯಗಳಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದ ಟರ್ಬೊ ಸಿ ಎಂಬ ಸಾಧನದ ನೀಲಿ ತೆರೆಯನ್ನು ಆ ಪೀಳಿಗೆಯವರು ಮರೆತಿರಲಾರರು. ಪಾಶ್ಚಾತ್ಯ ಬಳಕೆದಾರನಿಗೆ ನೀಲಿ ತೆರೆಯೆಂದರೆ ಯಂತ್ರದ ಮರಣವಾಗಿದ್ದರೆ, ನಮ್ಮ ಪ್ರಯೋಗಶಾಲೆಯ ವಿದ್ಯಾರ್ಥಿಗೆ ನೀಲಿ ತೆರೆಯು ಪಾಠದ ಆರಂಭವಾಗಿದ್ದಿತು. ಅದರ ಕೆಳಭಾಗದಲ್ಲಿ ‘ಸ್ಟೇಟ್‌ಮೆಂಟ್ ಮಿಸ್ಸಿಂಗ್’, ‘ಅನ್‌ಡಿಫೈನ್ಡ್ ಸಿಂಬಲ್’ ಮುಂತಾದ ಸೂಚನೆಗಳು ಸಾಲುಗಟ್ಟುತ್ತಿದ್ದುವು. ಒಂದೇ ಒಂದು ಅರ್ಧವಿರಾಮ ಚಿಹ್ನೆಯನ್ನು ಬಿಟ್ಟುದಕ್ಕಾಗಿ ಹತ್ತಾರು ದೋಷಗಳು ಪಟ್ಟಿಯಾಗುವುದನ್ನು ಕಂಡು, ‘ಎಷ್ಟು ಎರರ್ ಬಂತೋ?’ ಎಂದು ಪಕ್ಕದವನನ್ನು ಕೇಳಿ, ತನ್ನ ಸಂಖ್ಯೆ ದೊಡ್ಡದಾದರೆ ಅದನ್ನೇ ಒಂದು ಹಿರಿಮೆಯೆಂಬಂತೆ ಹೇಳಿಕೊಳ್ಳುತ್ತಿದ್ದ ವಿದ್ಯಾರ್ಥಿಗಳ ಮಾತಿನಲ್ಲಿ, ದೋಷದ ಬಾಹುಳ್ಯವೇ ವಿನೋದವಾಗುವ ಪ್ರವೃತ್ತಿಯು ಸ್ಪಷ್ಟವಾಗಿ ಗೋಚರಿಸುತ್ತದೆ. ಮೂಲದ ತಪ್ಪು ಒಂದು. ಅದರಿಂದ ಯಂತ್ರದ ಓದು ದಾರಿತಪ್ಪಿ ಮುಂದಣ ಸರಿಯಾದ ಸಾಲುಗಳನ್ನೂ ತಪ್ಪೆಂದು ಎಣಿಸುತ್ತ ಹೋಗುವುದೇ ಆ ಬಾಹುಳ್ಯದ ಕಾರಣ.

ವಿಂಡೋಸ್ 95ರಲ್ಲಿಯೂ ಅದರ ಮುಂದಣ ಆವೃತ್ತಿಯಲ್ಲಿಯೂ ಪದೇಪದೇ ಕಾಣುತ್ತಿದ್ದ ಒಂದು ಸೂಚನೆಯನ್ನು ಇಲ್ಲಿ ಪರಿಶೀಲಿಸಬೇಕು. ಕಾರ್ಯಕ್ರಮವು ‘ಇಲ್ಲೀಗಲ್ ಆಪರೇಶನ್’ ಎಸಗಿದೆಯೆಂದೂ, ಆದಕಾರಣ ಅದನ್ನು ಮುಚ್ಚಲಾಗುವುದೆಂದೂ ಅದು ಸಾರುತ್ತಿತ್ತು. ಸ್ಮೃತಿಕೋಶದಲ್ಲಿ ತನಗೆ ಸಲ್ಲದ ಭಾಗವನ್ನು ಕಾರ್ಯಕ್ರಮವು ಮುಟ್ಟಿದುದೇ ಮೊದಲಾದ ತಾಂತ್ರಿಕ ಉಲ್ಲಂಘನೆಯನ್ನು ಹೇಳುವ ಈ ಮಾತು, ತಾಂತ್ರಿಕ ಅರ್ಥವನ್ನು ಅರಿಯದವನ ಕಿವಿಗೆ ಪೊಲೀಸು ಠಾಣೆಯ ಮಾತಾಗಿಯೇ ಕೇಳಿಸುತ್ತಿತ್ತು; ಬಾಡಿಗೆಯ ಯಂತ್ರದ ಮುಂದೆ ಕುಳಿತವನು ತಾನೇನೋ ಅಪರಾಧ ಮಾಡಿದೆನೆಂದು ಬೆದರಿ ಅಂಗಡಿಯವನ ಮುಖವನ್ನು ನೋಡುವುದು ಆ ದಿನಗಳಲ್ಲಿ ಅಸಾಮಾನ್ಯವಾಗಿರಲಿಲ್ಲ. ಅಂಗಡಿಯವನಾದರೋ ಒಕ್ಕಣೆಯನ್ನು ಓದುವ ಶ್ರಮಕ್ಕೇ ಹೋಗುತ್ತಿರಲಿಲ್ಲ. ಚೌಕಟ್ಟಿನ ಆಕಾರವನ್ನೂ ಕೆಂಪು ಗುರುತನ್ನೂ ಕಂಡೊಡನೆ ‘ಹ್ಯಾಂಗ್ ಆಗಿದೆ, ರೀಸ್ಟಾರ್ಟ್ ಮಾಡಿ’ ಎಂದುಬಿಡುತ್ತಿದ್ದನು. ಈ ಇಬ್ಬರಿಗೂ ದೋಷಸೂಚನೆಯು ವಾಕ್ಯವಾಗಿ ಒದಗಲಿಲ್ಲ, ಒಂದು ಬಣ್ಣವಾಗಿ, ಒಂದು ‘ಡಿಂಗ್’ ಎಂಬ ಸದ್ದಾಗಿ ಒದಗಿತೆಂಬುದನ್ನು ಗಮನಿಸಬೇಕು. ಅಣಕುಗಣಕದ ಕಲೆಗಾರರು ಕೆಲವು ವರ್ಷಗಳ ತರುವಾಯ ಉದ್ದೇಶಪೂರ್ವಕವಾಗಿ ಸಾಧಿಸಿದ ಅರ್ಥವಿಯೋಗವನ್ನು ಪರಭಾಷೆಯ ಪರಿಸ್ಥಿತಿಯು ಇಲ್ಲಿ ಸಹಜವಾಗಿಯೇ ಉಂಟುಮಾಡಿತ್ತು.

ಕನ್ನಡಕ್ಕೆ ತನ್ನದೇ ಆದ ಇನ್ನೊಂದು ದೋಷರೂಪವೂ ಇದ್ದಿತು. ಗಣಕದಲ್ಲಿ ಕನ್ನಡವನ್ನು ಬರೆಯುವ ತಂತ್ರಾಂಶಗಳಲ್ಲಿ ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಹೊರಬಂದಿತು; ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವನ್ನು ಆಧರಿಸಿ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ರೂಪಿಸಿತು. ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನವಿದ್ದರೂ, ಮುದ್ರಣಾಲಯಗಳೂ ಕಚೇರಿಗಳೂ ಬಹುಕಾಲ ಅವಲಂಬಿಸಿದುದು ಲ್ಯಾಟಿನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಅಕ್ಷರಖಂಡಗಳನ್ನು ಕೂರಿಸಿದ ಫಾಂಟುಗಳನ್ನು. ಅಂಥ ಫಾಂಟಿಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ, ಮದುವೆಯ ಆಮಂತ್ರಣವಾಗಲಿ ನ್ಯಾಯಾಲಯದ ಅರ್ಜಿಯಾಗಲಿ, ತಲೆಯ ಮೇಲೆ ಚುಕ್ಕೆ ಗೀಟುಗಳನ್ನು ಹೊತ್ತ ಪರಕೀಯ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ಯೂನಿಕೋಡಿನಲ್ಲಿದ್ದರೆ, ಹಳೆಯ ಯಂತ್ರದಲ್ಲಿ, ಖಾಲಿ ಚೌಕಗಳ ಸಾಲಾಗಿ. ‘ಅಕ್ಷರ ಎಲ್ಲಾ ಡಬ್ಬಿ ಡಬ್ಬಿ ಬರ್ತಾವೆ’ ಎಂಬ ಮಾತನ್ನು ದಾವಣಗೆರೆಯ ಡಿಟಿಪಿ ಅಂಗಡಿಗಳಲ್ಲಿ ಕೇಳದವರಿಲ್ಲ. ಇಲ್ಲಿ ಯಂತ್ರವು ಯಾವ ಎಚ್ಚರಿಕೆಯನ್ನೂ ಕೊಡದೆ, ಎಲ್ಲವೂ ಸರಿಯಾಗಿದೆಯೆಂಬ ವಿಶ್ವಾಸದಿಂದ, ಭಾಷೆಯನ್ನೇ ಅಸತ್ಪ್ರಲಾಪವನ್ನಾಗಿ ಮಾರ್ಪಡಿಸುತ್ತಿದ್ದಿತು. ಇದಕ್ಕೆ ಪ್ರತಿಯಾಗಿ ನಿಲ್ಲಿಸಿ ನೋಡಬೇಕಾದ ಒಂದು ಪ್ರಯತ್ನವೆಂದರೆ ಡಾ. ಯು. ಬಿ. ಪವನಜ ಅವರು ಮಕ್ಕಳಿಗಾಗಿ ಸಿದ್ಧಪಡಿಸಿದ ಕನ್ನಡ ಲೋಗೋ. ಸೆಮೂರ್ ಪ್ಯಾಪರ್ಟ್ ಮೊದಲಾದವರು ಕಟ್ಟಿದ ಲೋಗೋ ಭಾಷೆಯಲ್ಲಿ, ಮಗುವು ತಿಳಿಯದ ಆಜ್ಞೆಯನ್ನು ಕೊಟ್ಟರೆ, ‘ಅದನ್ನು ಮಾಡುವುದು ಹೇಗೆಂದು ನನಗೆ ಗೊತ್ತಿಲ್ಲ’ ಎಂದು ಯಂತ್ರವು ತನ್ನ ಅಜ್ಞಾನವನ್ನೇ ಒಪ್ಪಿಕೊಳ್ಳುತ್ತದೆ. ತಪ್ಪು ಮಾಡುವುದು ಕಲಿಕೆಯ ಮಾರ್ಗವೆಂಬ ಪ್ಯಾಪರ್ಟನ ತತ್ತ್ವವು ಆ ವಿನಯದಲ್ಲಿ ಅಡಗಿದೆ. ದೋಷಸೂಚನೆಗಳೆಲ್ಲ ಆ ದಾರಿಯನ್ನು ಹಿಡಿದಿದ್ದರೆ ಪ್ರಾಯಶಃ ಅಣಕುಗಣಕಗಳು ಹುಟ್ಟುತ್ತಲೇ ಇರಲಿಲ್ಲ.

ಅವು ಹುಟ್ಟಲು ಬೇಕಾದ ದೃಶ್ಯಸಾಮಗ್ರಿಯನ್ನು ಒದಗಿಸಿದುದು 2001ರ ವಿಂಡೋಸ್ ಎಕ್ಸ್‌ಪಿ. ಆ ವ್ಯವಸ್ಥೆಯಲ್ಲಿ ಒಂದು ಕಾರ್ಯಕ್ರಮವು ಹ್ಯಾಂಗ್ ಆಗಿರುವಾಗ ಅದರ ಮೇಲೆ ಮೂಡಿದ ಎರರ್ ಚೌಕಟ್ಟನ್ನು ಮೌಸಿನಿಂದ ಹಿಡಿದು ಎಳೆದರೆ, ಆ ಚೌಕಟ್ಟು ಹೋದಲ್ಲೆಲ್ಲ ತನ್ನ ಪ್ರತಿಬಿಂಬಗಳ ಸಾಲೊಂದನ್ನು ಬಿಡುತ್ತ ಸಾಗುತ್ತಿದ್ದುದನ್ನು ಓದುಗರಲ್ಲಿ ಅನೇಕರು ಕಂಡಿರಬಹುದು. ಇದರ ಕಾರಣ ಹೀಗಿದೆ: ಅಂದಿನ ಕಿಟಕಿಗಳೆಲ್ಲವೂ ಒಂದೇ ತೆರೆಯ ಮೇಲೆ ನೇರವಾಗಿ ಬಣ್ಣ ಬಳಿಯುತ್ತಿದ್ದುವು, ಮೇಲಿನ ಕಿಟಕಿ ಸರಿದಾಗ ಕೆಳಗಿನ ಕಿಟಕಿಯು ತೆರವಾದ ಜಾಗವನ್ನು ತಾನೇ ಪುನಃ ಬಳಿದುಕೊಳ್ಳಬೇಕೆಂದು ವ್ಯವಸ್ಥೆಯು ಅದಕ್ಕೆ ಆಜ್ಞೆ ಕಳುಹಿಸುತ್ತಿತ್ತು, ಸ್ತಬ್ಧವಾದ ಕಾರ್ಯಕ್ರಮವು ಆ ಆಜ್ಞೆಯನ್ನು ಕೇಳುವ ಸ್ಥಿತಿಯಲ್ಲಿಲ್ಲದುದರಿಂದ ಹಳೆಯ ಬಣ್ಣ ಹಾಗೆಯೇ ನಿಲ್ಲುತ್ತಿತ್ತು. 2007ರಲ್ಲಿ ಸಾರ್ವಜನಿಕರಿಗೆ ದೊರೆತ ವಿಂಡೋಸ್ ವಿಸ್ಟಾದಲ್ಲಿ ಪ್ರತಿಯೊಂದು ಕಿಟಕಿಯ ಚಿತ್ರವನ್ನೂ ಸ್ಮೃತಿಯಲ್ಲಿ ಬೇರೆಬೇರೆಯಾಗಿ ಇರಿಸಿ ತರುವಾಯ ಒಟ್ಟುಗೂಡಿಸುವ ಕ್ರಮ ಬಂದು ಈ ವಿಕಾರವು ಮರೆಯಾಯಿತು. ಎಂಥ ಮಹತ್ತಾದ ಆಕಸ್ಮಿಕವಿದು! ಯಂತ್ರದ ದೌರ್ಬಲ್ಯವು ಬಳಕೆದಾರನ ಕೈಗೆ ಒಂದು ಕುಂಚವನ್ನು ಕೊಟ್ಟಿತು. ಕೆಲಸ ನಿಂತುಹೋದ ಬೇಸರದ ಹೊತ್ತಿನಲ್ಲಿ ಪ್ರಯೋಗಶಾಲೆಯ ಹುಡುಗನು ಆ ಚೌಕಟ್ಟನ್ನು ಸುತ್ತಿ ಸುತ್ತಿ ಎಳೆದು ತೆರೆಯ ಮೇಲೆ ಸುರುಳಿಗಳನ್ನೂ ತನ್ನ ಹೆಸರಿನ ಅಕ್ಷರಗಳನ್ನೂ ಮೂಡಿಸಿದಾಗ, ಅಣಕುಗಣಕದ ಪ್ರಥಮ ರೇಖೆಯನ್ನೇ ಎಳೆದನೆಂದು ಹೇಳಿದರೆ ಅತಿಶಯೋಕ್ತಿಯಾಗದು. ಇಂದಿನ ಅಣಕುಗಣಕಗಳಲ್ಲಿ ಕಾಣುವ ಚೌಕಟ್ಟುಗಳ ಜಲಪಾತವು ಈ ವಿಕಾರದ ಸ್ಮರಣೆಯೇ ಹೊರತು ಕಲ್ಪನೆಯಲ್ಲ.

ನಾದದ ಪಾತ್ರವೂ ಕಿರಿದಲ್ಲ. ವಿಂಡೋಸ್ 95ರ ಆರಂಭನಾದವನ್ನು ಬ್ರಯನ್ ಈನೋ ಎಂಬ ಪ್ರಸಿದ್ಧ ಸಂಗೀತಗಾರನು ರಚಿಸಿದನು. ಕೆಲವೇ ಕ್ಷಣಗಳ ಆ ನಾದವೂ, ದೋಷಸೂಚನೆಯ ಒಂಟಿಸ್ವರಗಳೂ ಕೋಟ್ಯಂತರ ಜನರ ಕಿವಿಯಲ್ಲಿ ನಿಂತಿದ್ದುದರಿಂದಲೇ, ಅವನ್ನು ಕತ್ತರಿಸಿ, ತಾಳಕ್ಕೆ ಹೊಂದಿಸಿ, ಒಂದೊಂದು ಸ್ವರಕ್ಕೂ ಒಂದೊಂದು ಚೌಕಟ್ಟು ಚಿಮ್ಮುವಂತೆ ಮಾಡಿದ ‘ಕ್ರೇಜಿ ಎರರ್’ ಎಂಬ ಹೆಸರಿನ ಚಲಚ್ಚಿತ್ರಗಳು 2005ರಲ್ಲಿ ಯೂಟ್ಯೂಬ್ ಸ್ಥಾಪಿತವಾದ ಮೇಲೆ ಅಸಂಖ್ಯವಾಗಿ ಹೊರಬಂದುವು. ಅದಕ್ಕೆ ಮೊದಲೇ ಯೋಡಿ ಎಂಬ ಹೆಸರಿನ ಇಬ್ಬರು ಕಲಾವಿದರು ತೊಂಬತ್ತರ ದಶಕದ ನಡುವಿನಿಂದಲೂ ಗಣಕದ ವಿಕಾರಗಳನ್ನೇ ಕಲಾವಸ್ತುವನ್ನಾಗಿ ಪ್ರದರ್ಶಿಸುತ್ತಿದ್ದರು. ಜೇಮಿ ಜವಿನ್‌ಸ್ಕಿಯ ತೆರೆರಕ್ಷಕ ಸಂಗ್ರಹದಲ್ಲಿ ನಾನಾ ವ್ಯವಸ್ಥೆಗಳ ಮರಣದೃಶ್ಯಗಳು ಒಂದರ ತರುವಾಯ ಒಂದು ಬರುತ್ತಿದ್ದುವು. ಮಾರ್ಕ್ ರಸಿನೋವಿಚ್ ರಚಿಸಿದ ನೀಲಿ ಪರದೆಯ ಅಣಕನ್ನು, ಅವನ ಸಂಸ್ಥೆಯನ್ನು 2006ರಲ್ಲಿ ಕೊಂಡ ಮೈಕ್ರೋಸಾಫ್ಟ್ ಸಂಸ್ಥೆಯು ತಾನೇ ವಿತರಿಸುವಂತಾಯಿತು. ಫ್ಲಾಷ್ ತಂತ್ರದಲ್ಲಿ ರಚಿತವಾದ ‘ವಿಂಡೋಸ್ ಆರ್‌ಜಿ’ಯಲ್ಲಿ ಮೊದಲಿಂದ ಕೊನೆಯವರೆಗೆ ಸರಿಯಾಗಿ ನಡೆಯುವ ಕಾರ್ಯ ಒಂದೂ ಇಲ್ಲ. 2014ರಲ್ಲಿ ಇಬ್ಬರು ಫ್ರೆಂಚ್ ಕಲಾವಿದರು ತೆರೆದಿಟ್ಟ ‘ವಿಂಡೋಸ್ 93’ ಎಂಬ ಕಲ್ಪಿತ ವ್ಯವಸ್ಥೆಯು ಈ ಪರಂಪರೆಯ ಅತ್ಯಂತ ಸಮೃದ್ಧ ಕೃತಿಯೆಂದು ನನ್ನ ಎಣಿಕೆ. ‘ಪ್ರೋಗ್ರೆಸ್‌ಬಾರ್ 95’ ಎಂಬ ಆಟವಾದರೋ ದೋಷವನ್ನೇ ನಿಯಮವನ್ನಾಗಿಸಿ, ಮೇಲಿಂದ ಬೀಳುವ ಕೆಂಪು ತುಣುಕನ್ನು ಮುಟ್ಟಿದವನಿಗೆ ನೀಲಿ ಪರದೆಯ ಶಿಕ್ಷೆಯನ್ನು ವಿಧಿಸುತ್ತದೆ.

ಈ ಕೃತಿಗಳ ಅವ್ಯವಸ್ಥೆಯಲ್ಲಿ ಒಂದು ಕಟ್ಟುನಿಟ್ಟಾದ ವ್ಯವಸ್ಥೆಯಿದೆ. ಮೊದಲ ಚೌಕಟ್ಟು ನಂಬಲು ಯೋಗ್ಯವಾಗಿರಬೇಕು. ಅಕ್ಷರದ ರೂಪ, ಗುಂಡಿಯ ಅಂಚು, ನೆರಳಿನ ಬಣ್ಣ, ಇವುಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಾಗದು. ಎರಡನೆಯದರಲ್ಲಿ ಮಾತು ಕೊಂಚ ವಾಲುತ್ತದೆ. ‘ದೋಷವನ್ನು ತೋರಿಸುವುದರಲ್ಲಿ ದೋಷವುಂಟಾಯಿತು’ ಎಂಬಂಥ ವಾಕ್ಯಗಳು ಬರುತ್ತವೆ. ಆಮೇಲೆ ಗುಂಡಿಗಳು ತಮ್ಮ ಧರ್ಮವನ್ನು ಬಿಡುತ್ತವೆ: ‘ಬೇಡ’ ಎಂಬುದು ಮೌಸಿನಿಂದ ತಪ್ಪಿಸಿಕೊಂಡು ಓಡುತ್ತದೆ, ‘ಸರಿ’ ಎಂಬುದು ಹತ್ತಾಗುತ್ತದೆ. ಓದುವ ವೇಗವನ್ನು ಮೀರಿ ಚೌಕಟ್ಟುಗಳು ಬರತೊಡಗಿದ ಬಳಿಕ ಅಕ್ಷರವು ಚಿತ್ರವಾಗಿ, ಚಿತ್ರವು ಲಯವಾಗಿ ಪರಿಣಮಿಸುತ್ತದೆ. ಇಷ್ಟಾದರೂ ಯಾವ ಚೌಕಟ್ಟೂ ತನ್ನ ಸಭ್ಯತೆಯನ್ನು ಬಿಡದು. ಈ ಸಭ್ಯತೆಯೇ ಪ್ರಾಣ. ಅದನ್ನರಿಯದೆ ತೆರೆಯನ್ನು ಕಿರುಚಾಟದಿಂದಲೂ ವಿಕಾರಮುಖಗಳಿಂದಲೂ ತುಂಬುವ ಕೀಳುತರದ ಅನುಕರಣೆಗಳು ಬೆಚ್ಚಿಸಬಲ್ಲವೇ ವಿನಾ ನಗಿಸಲಾರವು.

ದಾವಣಗೆರೆಯಂಥ ಊರಿನಲ್ಲಿ ಈ ಪ್ರಕಾರವನ್ನು ವಿವರಿಸಲು ದೂರದ ದೃಷ್ಟಾಂತ ಬೇಕಿಲ್ಲ. ಚಿಂದೋಡಿ ವೀರಪ್ಪನವರ ಮನೆತನದ ಕೆ.ಬಿ.ಆರ್. ನಾಟಕ ಕಂಪನಿಯನ್ನು ಪಡೆದ ಈ ನಗರವು ವೃತ್ತಿರಂಗಭೂಮಿಯ ನೆಲೆ. ಕಂಪನಿ ನಾಟಕದಲ್ಲಿ ಪರದೆ ಅರ್ಧಕ್ಕೆ ಸಿಕ್ಕಿಕೊಂಡಾಗ, ದೀಪ ಆರಿದಾಗ, ರಾಜನ ಪಾತ್ರಧಾರಿ ಬರುವುದು ತಡವಾದಾಗ, ಹಾಸ್ಯಪಾತ್ರದವನು ಮುಂದೆ ಬಂದು ಆ ಎಡವಟ್ಟನ್ನೇ ಮಾತಿಗೆ ತೆಗೆದುಕೊಂಡು ಜನರನ್ನು ನಗಿಸುವುದೂ, ಜನ ಚೆನ್ನಾಗಿ ನಕ್ಕರೆ ಮುಂದಿನ ಆಟಗಳಲ್ಲಿ ಅದೇ ಎಡವಟ್ಟು ಬೇಕೆಂದೇ ನಡೆಯುವುದೂ ಉಂಟು. ಆಕಸ್ಮಿಕವು ಹೀಗೆ ಪಾಠವಾಗಿ ಸೇರಿಕೊಳ್ಳುವ ಕ್ರಮವೂ, ಎಕ್ಸ್‌ಪಿಯ ಬ್ಲೂ ಸ್ಕ್ರೀನು ಅಣಕುಗಣಕದ ಅಂಕಾಂತ್ಯವಾಗಿ ಸೇರಿಕೊಂಡ ಕ್ರಮವೂ ಅಭಿನ್ನ. ಎರಡರಲ್ಲಿಯೂ ಪ್ರೇಕ್ಷಕನಿಗೆ ಮೂಲದ ನಾಟಕವು ಚೆನ್ನಾಗಿ ತಿಳಿದಿರಬೇಕಾದುದು ಅವಶ್ಯ. ಎಂದೂ ಗಣಕ ಕೆಟ್ಟುದನ್ನು ಅನುಭವಿಸದವನಿಗೆ ಈ ಹಾಸ್ಯವು ದಕ್ಕದು. ಪ್ರಯೋಗಶಾಲೆಗಳ ವಿದ್ಯಾರ್ಥಿಗಳು ನೋಟ್‌ಪ್ಯಾಡಿನಲ್ಲಿ ಒಂದೆರಡು ಸಾಲಿನ ವಿಬಿ ಸ್ಕ್ರಿಪ್ಟ್ ಬರೆದು, ಮುಚ್ಚಿದಷ್ಟೂ ಮತ್ತೆ ತೆರೆದುಕೊಳ್ಳುವ ಎರರ್ ಚೌಕಟ್ಟನ್ನು ಸೃಷ್ಟಿಸಿ, ಅದಕ್ಕೆ ಗೆಳೆಯನು ದಿನವೂ ತೆರೆಯುವ ಫೋಲ್ಡರಿನ ಚಿತ್ರವನ್ನು ತೊಡಿಸಿಡುತ್ತಿದ್ದುದು ಈ ಕಲೆಯ ಗ್ರಾಮ್ಯರೂಪ. ಅದರಲ್ಲಿ ‘ನಿನ್ನ ಲ್ಯಾಬ್ ರೆಕಾರ್ಡ್ ಬರೆದಾಯ್ತಾ?’ ಎಂಬಂಥ ಪ್ರಶ್ನೆಯನ್ನು ಲ್ಯಾಟಿನ್ ಲಿಪಿಯ ಕನ್ನಡದಲ್ಲಿ ಬರೆದು, ‘ಎಸ್’ ‘ನೋ’ ಗುಂಡಿಗಳೆರಡಕ್ಕೂ ‘ಸುಳ್ಳು’ ಎಂಬ ಒಂದೇ ಉತ್ತರ ಬರುವಂತೆ ಮಾಡಿದಾಗ, ಯಂತ್ರದ ಅಧಿಕೃತ ವಾಣಿಯು ಮೊಟ್ಟಮೊದಲ ಬಾರಿಗೆ ಹಾಸ್ಟೆಲ್ಲಿನ ಕನ್ನಡವನ್ನು ನುಡಿಯಿತು.

ಅಣಕಿಗೂ ವಂಚನೆಗೂ ನಡುವಣ ಗೆರೆಯನ್ನು ಇಲ್ಲಿ ಸ್ಪಷ್ಟವಾಗಿ ಎಳೆಯಬೇಕು. ನಿಮ್ಮ ಗಣಕಕ್ಕೆ ವೈರಸ್ ತಗುಲಿದೆಯೆಂದು ಸುಳ್ಳು ನೀಲಿ ಪರದೆಯನ್ನು ತೋರಿಸಿ, ಕೆಳಗೆ ದೂರವಾಣಿ ಸಂಖ್ಯೆಯನ್ನು ಕೊಟ್ಟು, ಕರೆಮಾಡಿದ ವೃದ್ಧರಿಂದ ಹಣವನ್ನು ಕೀಳುವವರು ಬಳಸುವುದೂ ಇದೇ ಕೌಶಲವನ್ನು. ಅಭಿಮಾನಿಯ ಅಣಕು ತಾನು ಅಣಕೆಂದು ಮೊದಲೇ ಹೇಳಿಕೊಳ್ಳುತ್ತದೆ. ವಂಚಕನ ಅಣಕು ಅದನ್ನು ಮುಚ್ಚಿಡುವುದರಿಂದಲೇ ಬದುಕುತ್ತದೆ. ನಿಜವಾದ ದೋಷವೇ ವಿನೋದವಾಗುವ ಪ್ರಸಂಗಗಳೂ ಉಂಟು. 2018ರ ಫೆಬ್ರುವರಿಯಲ್ಲಿ, ತೆಲುಗಿನ ‘ಜ್ಞಾ’ ಅಕ್ಷರದ ಒಂದು ಸಂಕೇತರೂಪವನ್ನು ತೋರಿಸಲು ಹೋಗಿ ಐಫೋನುಗಳ ಸಂದೇಶಸಾಧನಗಳು ಕುಸಿದು ಬೀಳುತ್ತಿದ್ದಾಗ, ಅದನ್ನು ವಿನೋದಕ್ಕಾಗಿ ಪರರಿಗೆ ಕಳುಹಿಸಿದವರು ಬಹುಮಂದಿ, ಐಓಎಸ್ 11.2.6 ಆವೃತ್ತಿಯು ಬಂದು ಅದನ್ನು ಸರಿಪಡಿಸಿತು. ನಮ್ಮ ನೆರೆಯ ಲಿಪಿಯ ಒಂದು ಸಂಯುಕ್ತಾಕ್ಷರವನ್ನು, ಜ್ಞಾನವೆಂಬ ಶಬ್ದದ ಮೊದಲಕ್ಷರವನ್ನು, ಬರೆಯಲು ಬಾರದ ಯಂತ್ರದ ಕೊರತೆಯು ಆ ಅಕ್ಷರದ ದೋಷವೆಂಬಂತೆ ಲೋಕದಲ್ಲಿ ವರದಿಯಾದುದು ನನಗೆ ಇಂದಿಗೂ ನೋವಿನ ಸಂಗತಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಯುಕ್ತ ಪರಿಷ್ಕರಣದಿಂದ ಸುಮಾರು 85 ಲಕ್ಷ ಗಣಕಗಳಲ್ಲಿ ನೀಲಿ ಪರದೆ ಮೂಡಿದಾಗಲೂ, ಬೆಂಗಳೂರಿನ ವಿಮಾನನಿಲ್ದಾಣದಲ್ಲಿ ಪ್ರಯಾಣಿಕರು ಸಾಲುಗಟ್ಟಿ ನಿಂತಿದ್ದ ಹೊತ್ತಿಗೇ ವಿನೋದಚಿತ್ರಗಳು ಮೊಬೈಲುಗಳಲ್ಲಿ ಹರಿದಾಡಿದುವು. ಅಣಕುಗಣಕಗಳಲ್ಲಷ್ಟೇ ಕಂಡಿದ್ದ ನೀಲಿ ಪರದೆಯನ್ನು ನಿಜದಲ್ಲಿ ಮೊದಲ ಬಾರಿಗೆ ಆ ದಿನವೇ ಕಂಡ ಕಿರಿಯರೂ ಇದ್ದಿರಬೇಕು.

2025ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 11ರ ನೀಲಿ ಪರದೆಯನ್ನು ಕಪ್ಪಾಗಿಸಿತು. 2012ರ ವಿಂಡೋಸ್ 8ರೊಡನೆ ಬಂದಿದ್ದ ಸಪ್ಪೆಮೋರೆಯ ಚಿಹ್ನೆಯೂ ಹೋಯಿತು. ಹೊಸ ಯಂತ್ರಗಳು ತಮ್ಮ ದೋಷವನ್ನು ಕಡಮೆ ಮಾತಿನಲ್ಲಿ ಹೇಳುತ್ತವೆ, ಅನೇಕ ವೇಳೆ ಹೇಳುವುದೇ ಇಲ್ಲ. ಹಳೆಯ ದೋಷಸೂಚನೆಗಳ ಯಥಾರೂಪವು ಅಭಿಮಾನಿಗಳ ಕೃತಿಗಳಲ್ಲಿ ಉಳಿದಿರುವುದರಿಂದ ಅವು ವಿನೋದವಷ್ಟೇ ಆಗಿರದೆ ದಾಖಲೆಗಳೂ ಆಗಿವೆ. ಆದರೆ ಈ ದಾಖಲೆಗಳೇ ಅಲ್ಪಾಯುಗಳು. 2020ರ ಡಿಸೆಂಬರ್ 31ರಂದು ಅಡೋಬಿ ಸಂಸ್ಥೆಯು ಫ್ಲಾಷ್ ತಂತ್ರವನ್ನು ಕೈಬಿಟ್ಟಾಗ, ಆ ತಂತ್ರದಲ್ಲಿದ್ದ ಅಣಕುಗಣಕಗಳು ಒಮ್ಮೆಗೇ ನಿಶ್ಚೇಷ್ಟಿತವಾದುವು. ‘ರಫಲ್’ ಎಂಬ ಅನುಕರಣ ಸಾಧನವನ್ನು ಸ್ವಯಂಸೇವಕರು ಕಟ್ಟಿ, ಇಂಟರ್‌ನೆಟ್ ಆರ್ಕೈವ್ ಗ್ರಂಥಾಲಯವು ಅದನ್ನು ಬಳಸಿಕೊಂಡುದರಿಂದ ಕೆಲವು ಬದುಕಿಕೊಂಡುವು.

ಕನ್ನಡದ ಪಾಲಿನ ಸಾಮಗ್ರಿಗೆ ಅಂಥ ರಕ್ಷಣೆ ಇನ್ನೂ ದೊರೆತಿಲ್ಲವೆಂಬುದು ನನ್ನ ಕಳವಳ. ಶಾಮನೂರು ರಸ್ತೆಯ ಸೈಬರ್ ಕೆಫೆಗಳು ಮೊಬೈಲಿನ ಕಾಲದಲ್ಲಿ ಜೆರಾಕ್ಸ್ ಅಂಗಡಿಗಳಾಗಿ ಮಾರ್ಪಟ್ಟಿವೆ. ಪ್ರಯೋಗಶಾಲೆಗಳ ಫ್ಲಾಪಿಗಳೂ ಅವುಗಳಲ್ಲಿದ್ದ ವಿದ್ಯಾರ್ಥಿಗಳ ಕುಚೋದ್ಯದ ಕಡತಗಳೂ ಗುಜರಿಗೆ ಸೇರುತ್ತಿವೆ. ಆ ಕಾಲದ ಲ್ಯಾಬ್ ಸಹಾಯಕರೂ ಡಿಟಿಪಿ ಕೆಲಸಗಾರರೂ ಇನ್ನೂ ನಮ್ಮ ನಡುವೆ ಇದ್ದಾರೆ. ಯಾವ ಎರರಿಗೆ ಅವರು ಏನೆಂದು ಹೆಸರಿಟ್ಟಿದ್ದರು, ಯಾವುದಕ್ಕೆ ಹೆದರಿದರು, ಯಾವುದಕ್ಕೆ ನಕ್ಕರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಧ್ವನಿಮುದ್ರಿಸುವ ಕೆಲಸವನ್ನು ದಾವಣಗೆರೆ ವಿಶ್ವವಿದ್ಯಾನಿಲಯದ ಕನ್ನಡ ವಿಭಾಗವೂ ನಗರದ ತಾಂತ್ರಿಕ ವಿದ್ಯಾಲಯಗಳೂ ಜೊತೆಗೂಡಿ ಈಗಲೇ ಕೈಗೊಳ್ಳಬಹುದು. ಹಳೆಯ ನುಡಿ ಕಡತಗಳನ್ನೂ, ಓಡುವ ಸ್ಥಿತಿಯಲ್ಲಿರುವ ಒಂದೆರಡು ಎಕ್ಸ್‌ಪಿ ಯಂತ್ರಗಳನ್ನೂ ಅದರೊಡನೆ ಕೂಡಿಸಿಟ್ಟರೆ, ಕನ್ನಡದಲ್ಲಿ ಅಣಕುಗಣಕವನ್ನು ಕಟ್ಟಬಯಸುವ ಮುಂದಿನವರಿಗೆ ಮೂಲಪ್ರತಿಯಾದರೂ ಕೈಗೆ ಸಿಕ್ಕೀತು.